ಮಾವ ನೋಡಿಕೊಂಡ ಗಾಜು

ಆ ದಿನ ಬೆಳಿಗ್ಗೆ ಸೊಸೆ ಊಟದ ಮೇಜಿನ ಮೇಲೆ ಅಂಗೈಯಗಲದ ಕಪ್ಪು ಗಾಜೊಂದನ್ನು ಇಟ್ಟು, "ಮಾವ, ಸ್ನಾನ ಮಾಡ್ಕೊಂಡು ಬರ್ತೀನಿ, ಇದನ್ನ ಸ್ವಲ್ಪ ನೋಡ್ಕೊಳ್ಳಿ" ಎಂದಳು. ಎಡವಟ್ಟಾದದ್ದು ಅಲ್ಲೇ.

ನಮ್ಮ ಯಜಮಾನರು ಕನ್ನಡಿ ಅಂಗಡಿಯಲ್ಲಿ ಗಾಜು ಉಜ್ಜುತ್ತಲೇ ಹಲ್ಲು ಉದುರಿಸಿಕೊಂಡವರು. ಅಲ್ಲಿ 'ನೋಡಿಕೊ' ಎಂದರೆ ಕಾಯುವುದಲ್ಲ. ನಿನ್ನ ಮುಖ ನಿನಗೆ ಕಾಣುವ ತನಕ ಉಜ್ಜು ಎಂದರ್ಥ. ಇವರು ಮೇಣದ ಡಬ್ಬಿ, ಬಟ್ಟೆ ತಂದು ಕೂತೇಬಿಟ್ಟರು.

ಅದು ಸೊಸೆ ಪ್ರಯೋಗಾಲಯದಲ್ಲಿ ವರ್ಷವಿಡೀ ಕೂತು ಮಾಡಿದ ಸೌರಕೋಶ. ಬಿಸಿಲಿನಿಂದ ಕರೆಂಟು ತೆಗೆಯುವ ಅದರ ಪದರ ಎಷ್ಟು ತೆಳುವೆಂದರೆ, ಬೆಳಕು ಬಂದದ್ದೂ ಗೊತ್ತಾಗದಂತೆ ಹೊರಟುಹೋಗುತ್ತದೆ. ಅದಕ್ಕೇ ಅವಳು ಗಾಜಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗು ಮಾಡಿದ್ದಳು. ನ್ಯಾನೋ ಎನ್ನುತ್ತಾರೆ. ಬೆಳಕು ಅಲ್ಲಿ ಎಡವಿ, ಓರೆಯಾಗಿ ಒಳಗೆ ಬಿದ್ದು, ಬಾಗಿಲು ಸಿಗದೆ ಅಲ್ಲೇ ಸುತ್ತಾಡುತ್ತದೆ, ಎರಡು ದಿನಕ್ಕೆಂದು ಬಂದ ನಮ್ಮ ನಾದಿನಿಯ ಹಾಗೆ.

ಅವತ್ತೇ ಪ್ರಯೋಗಾಲಯಕ್ಕೆ ಪರೀಕ್ಷಕಿ ಬಂದು ಅದರ ಕರೆಂಟು ಅಳೆಯುವವರಿದ್ದರು. ಅವರು ಒಪ್ಪದಿದ್ದರೆ ಸೊಸೆಯ ಕೆಲಸ ಅಲ್ಲಿಗೇ ಮುಗಿದಂತೆ.

"ಅಯ್ಯೋ ಮಾವಾ! ಏನ್ ಮಾಡ್ಬಿಟ್ರಿ?" ಸ್ನಾನ ಮುಗಿಸಿ ಬಂದ ಸೊಸೆ ಕಿರುಚಿದಳು.

"ನೋಡ್ಕೊಂಡೆ ಕಣಮ್ಮ. ಅರ್ಧ ಆಯ್ತು. ಬಾ, ನಿನ್ನ ಮುಖಾನೂ ಕಾಣುತ್ತೆ."

"ಕಾಣಬಾರದು ಮಾವ! ಕಾಣ್ತಿದೆ ಅಂದ್ರೆ ಬೆಳಕು ವಾಪಸ್ ಬರ್ತಿದೆ ಅಂತ!"

"ಬರದೆ ಇನ್ನೇನು, ಒಳಗೇ ಕೂತಿರುತ್ತಾ?"

"ಕೂತಿರ್ಲಿ ಅಂತಾನೇ ನಾನು ವರ್ಷಪೂರ್ತಿ ಒದ್ದಾಡಿದ್ದು!"

"ತೊಳೆದುಬಿಡೋಣ್ವಾ?" ಎಂದೆ ನಾನು.

"ಮುಟ್ಟಬೇಡಿ ಅತ್ತೆ! ಮೇಣ ತಗ್ಗಿನೊಳಗೆಲ್ಲ ತುಂಬ್ಕೊಂಡಿದೆ. ಇನ್ನು ಉಜ್ಜಿದ್ರೆ ಉಬ್ಬೂ ಹೋಗುತ್ತೆ."

ಬೇರೆ ಗಾಜಿರಲಿಲ್ಲ. ಯಜಮಾನರು ತಾವೇ ಬಂದು ಪರೀಕ್ಷಕಿಗೆ ವಿವರಿಸುತ್ತೇನೆಂದು ಹಠ ಹಿಡಿದರು. ಅವರ ಬಾಯಿ ಮುಚ್ಚಿಸಲು ನಾನೂ ಹೊರಟೆ.

ಪ್ರಯೋಗಾಲಯದಲ್ಲಿ ಪರೀಕ್ಷಕಿ ಗಾಜಿನ ಮೇಲೆ ಬಗ್ಗಿದರು. ಹೊಳೆಯುವ ಅರ್ಧದಲ್ಲಿ ಅವರ ಮೂಗು ಕಂಡಿತು. ಉಳಿದರ್ಧ ಕಾಡಿಗೆಯಂತೆ ಕಪ್ಪಗಿತ್ತು. ಸೊಸೆ ಬಾಯಿ ತೆರೆಯುವ ಮೊದಲೇ ಅವರು ಒಂದು ಕಡೆ ಕಾಗದ ಮುಚ್ಚಿ, ದೀಪ ಹಾಕಿ ಅಳೆದರು. ಆಮೇಲೆ ಇನ್ನೊಂದು ಕಡೆ.

"ಒಂದೇ ಗಾಜು, ಒಂದೇ ಪದರ. ಉಬ್ಬುತಗ್ಗು ಮುಚ್ಚಿದ ಕಡೆ ಕರೆಂಟು ಕಮ್ಮಿ, ಬಿಟ್ಟ ಕಡೆ ಜಾಸ್ತಿ. ಹೋಲಿಸಿ ತೋರಿಸೋದು ಅಂದ್ರೆ ಹೀಗೆ! ಕೆಲಸ ಮುಂದುವರಿಸಿ" ಎಂದರು.

ಸೊಸೆ ಬೆಪ್ಪಾಗಿ ನಿಂತಳು. "ಮೇಡಂ, ಅದು ಬೇಕಂತ ಮಾಡಿದ್ದಲ್ಲ. ನಮ್ಮ ಮಾವ..."

ಯಜಮಾನರು ಜೇಬಿನಿಂದ ಬಟ್ಟೆ ತೆಗೆದು ಮುಂದೆ ಬಂದರು. "ಹೊತ್ತು ಸಾಕಾಗ್ಲಿಲ್ಲ ಮೇಡಂ. ಇಲ್ಲಿ ಕೊಡಿ, ಉಳಿದಿದ್ದನ್ನೂ ಮುಗಿಸಿಬಿಡ್ತೀನಿ."

ಸೊಸೆ, ನಾನು, ಪರೀಕ್ಷಕಿ ಮೂವರೂ ಒಟ್ಟಿಗೇ ಅವರ ಕೈ ಹಿಡಿದುಕೊಂಡೆವು.