ದೀಪ ಹತ್ತಿದ ಮೇಲೆ ಮೂವತ್ತೊಂದು

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ನಾನು ‘ಮೂವತ್ತೊಂದಣ್ಣ’. ಅದು ನನ್ನ ವಯಸ್ಸಲ್ಲ, ಮನೆ ನಂಬರೂ ಅಲ್ಲ. ಪೆಟ್ರೋಲ್ ಮುಗಿಯುತ್ತಾ ಬಂತು ಎಂದು ನನ್ನ ಕಾರಿನ ಹಳದಿ ದೀಪ ಹತ್ತುತ್ತದಲ್ಲ, ಹತ್ತಿದ ಮೇಲೆ ಅದು ಇನ್ನೆಷ್ಟು ಕಿಲೋಮೀಟರ್ ಓಡುತ್ತದೆ ಎನ್ನುವ ಲೆಕ್ಕ ಅದು.

ಯಾರನ್ನೋ ಕೇಳಿ ತಿಳಿದದ್ದಲ್ಲ. ಯಾವ ಗಾಡಿ ಕೈಗೆ ಬಂದರೂ ಮೊದಲು ಅದನ್ನು ಪೂರ್ತಿ ಖಾಲಿ ಮಾಡಿ ನೋಡುವುದು ನನ್ನ ಪದ್ಧತಿ. ಡಿಕ್ಕಿಯಲ್ಲಿ ಒಂದು ಡಬ್ಬಿ ಪೆಟ್ರೋಲ್ ಇಟ್ಟುಕೊಂಡು ಹೊರಡುತ್ತೇನೆ. ದೀಪ ಹತ್ತಿದ ಕೂಡಲೇ ಕಿಲೋಮೀಟರ್ ಎಣಿಸುವ ಮೀಟರನ್ನು ಸೊನ್ನೆಗೆ ತಂದು, ಗಾಡಿ ಕೆಮ್ಮಿ ಮುಗ್ಗರಿಸಿ ನಿಲ್ಲುವವರೆಗೂ ಓಡಿಸುತ್ತೇನೆ. ಈ ಕಾರನ್ನು ಹಾಗೆ ಮೂರು ಸಲ ನಿಲ್ಲಿಸಿದ್ದೆ. ಮೂರು ಸಲವೂ ಮೂವತ್ತೊಂದು. ನೂರಿನ್ನೂರು ಮೀಟರ್ ಆಚೆ ಈಚೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಐವತ್ತು ಎಂದಿದೆ. ಬರೆದವನು ಮೇಜಿನ ಮುಂದೆ ಕೂತು ಬರೆದಿರಬೇಕು.

ಉಳಿದವರು ಮುಳ್ಳು ಅರ್ಧಕ್ಕೆ ಇಳಿದರೆ ಸಾಕು, ಬಂಕಿಗೆ ಓಡುತ್ತಾರೆ. ನಾನು ದೀಪ ಹತ್ತುವ ತನಕ ಬಂಕಿನ ಮುಖ ನೋಡುವವನಲ್ಲ. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಒಬ್ಬನೇ ಒಬ್ಬ ಪ್ರಯಾಣಿಕನನ್ನೂ ಪೆಟ್ರೋಲ್ ಇಲ್ಲವೆಂದು ದಾರಿಯಲ್ಲಿ ಇಳಿಸಿಲ್ಲ. ಜಂಬ ಎಂದರೆ ಜಂಬ, ನಾನೇನು ಇಲ್ಲವೆನ್ನುವುದಿಲ್ಲ.

ಈ ಜಂಬವೇ ನನ್ನ ಮಗಳ ದಾರಿಗೆ ಅಡ್ಡ ಬಂತು.

ಮಗಳನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತೇವೆ. ಪುಟ್ಟಿಗೆ ಈಗ ಮೂವತ್ತು ತುಂಬುತ್ತಾ ಬಂದಿದೆ. ಇದೇ ಕಾರಿನಲ್ಲಿ ನನ್ನಿಂದ ಬೈಸಿಕೊಂಡು ಕಲಿತವಳು, ನಾಲ್ಕು ವರ್ಷದಿಂದ ಶಾಲೆಯ ವ್ಯಾನ್ ಓಡಿಸುತ್ತಾಳೆ. ಅವಳ ಕಣ್ಣು ಮಾತ್ರ ಬಸ್ಸಿನ ಮೇಲೆ. ಬಸ್ ಚಾಲಕರ ಕೆಲಸಕ್ಕೆ ಅರ್ಜಿ ಹಾಕಿ, ಬರೆಯುವ ಪರೀಕ್ಷೆ ಪಾಸಾಗಿ, ಕಣ್ಣಿನ ಪರೀಕ್ಷೆಯೂ ಮುಗಿದು, ಬಸ್ ಓಡಿಸಿ ತೋರಿಸುವುದೊಂದು ಬಾಕಿ ಇತ್ತು. ಊರಾಚೆಯ ಡಿಪೋದಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ. ಒಂಬತ್ತಾದ ಮೇಲೆ ಗೇಟು ತೆರೆಯುವುದಿಲ್ಲ ಎಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತದೆ. ಇದ್ದದ್ದು ಅದೊಂದೇ ಬೆಳಿಗ್ಗೆ.

ಹಿಂದಿನ ದಿನವೇ ನನ್ನ ಹೆಂಡತಿ ಹೇಳಿದ್ದಳು: “ಎರಡು ದಿನದಿಂದ ಪೆಟ್ರೋಲ್ ಟ್ಯಾಂಕರ್ ಬಂದಿಲ್ವಂತೆ ರೀ, ಇವತ್ತೇ ಹಾಕಿಸಿಬಿಡಿ.”

“ನನ್ನ ಕಾರಿಗೆ ಯಾವಾಗ ಹಾಕಿಸ್ಬೇಕು ಅಂತ ನಂಗೆ ಗೊತ್ತು. ನೀನು ಅಡುಗೆಗೆ ಉಪ್ಪು ಹಾಕೋದು ನೋಡ್ಕೊ,” ಎಂದೆ. ಆ ಮಾತು ನೆನೆದರೆ ಈಗಲೂ ನನ್ನ ನಾಲಗೆಯನ್ನು ನಾನೇ ಕಚ್ಚಿಕೊಳ್ಳಬೇಕು ಅನಿಸುತ್ತದೆ.

ಬೆಳಿಗ್ಗೆ ಪುಟ್ಟಿಯೇ ಸ್ಟೀರಿಂಗ್ ಹಿಡಿದಳು, ಕೈ ಪಳಗಲಿ ಎಂದು. ಊರಂಚಿನ ಬಂಕಿನ ಹತ್ತಿರ ಬಂದಾಗ, ನಾನು ಅಂದುಕೊಂಡ ಹಾಗೆಯೇ ದೀಪ ಹತ್ತಿತು. “ನೋಡಿದ್ಯಾ?” ಎಂದು ಮೀಸೆ ತಿರುವಿದೆ. ತಿರುವಿದ ಕೈ ಕೆಳಗಿಳಿಯುವ ಮೊದಲೇ ಬಂಕಿನ ಬಾಯಿಗೆ ಅಡ್ಡ ಕಟ್ಟಿದ್ದ ಹಗ್ಗ ಕಂಡಿತು.

“ಒಂದು ತೊಟ್ಟೂ ಇಲ್ಲ ಅಣ್ಣ,” ಎಂದ ಬಂಕಿನವನು. “ಈ ರಸ್ತೇಲಿ ಮುಂದೆ ಯಾವ ಬಂಕಲ್ಲೂ ಇಲ್ಲ. ಈಗ ತಾನೇ ಫೋನ್ ಮಾಡಿದ್ದೆ.”

ಸ್ಟ್ಯಾಂಡಿಗೆ ಫೋನ್ ಮಾಡಿದೆ. ಎಲ್ಲರ ಗಾಡಿಯೂ ಊರಿನ ಇನ್ನೊಂದು ತುದಿಯ ಬಂಕಿನ ಸಾಲಿನಲ್ಲಿ ಸಿಕ್ಕಿಕೊಂಡಿತ್ತು. ನನ್ನ ಪೆಟ್ರೋಲ್ ಡಬ್ಬಿ ಮನೆಯ ಅಟ್ಟದ ಮೇಲೆ ಒಣಗಿ ಕೂತಿತ್ತು. ಗಂಟೆ ಎಂಟಾಗಿ ಐದು ನಿಮಿಷ. ಡಿಪೋ ಅಲ್ಲಿಂದ ಮೂವತ್ತನಾಲ್ಕು ಕಿಲೋಮೀಟರ್.

“ಆಗಲ್ಲ ಪುಟ್ಟಿ,” ಎಂದೆ. “ಮೂವತ್ತೊಂದಕ್ಕೆ ನಿಲ್ಲುತ್ತೆ. ಬೇರೆ ಯಾರಿಗಾದ್ರೂ ಕೈ ಅಡ್ಡ ಹಿಡಿದು ಕೇಳ್ತೀನಿ, ಲಾರಿಯವರನ್ನ...”

ಅವಳು ಆಗಲೇ ಮೀಟರನ್ನು ಸೊನ್ನೆಗೆ ತಂದು, ಕೆಳಗಿಳಿದು ಡಿಕ್ಕಿ ತೆಗೆದಿದ್ದಳು. ಸ್ಟೆಪ್ನಿ ಚಕ್ರ, ಜಾಕು, ನಾನು ಯಾವತ್ತಾದರೂ ಬೇಕಾದೀತೆಂದು ವರ್ಷಗಟ್ಟಲೆ ಹೊತ್ತು ತಿರುಗಿದ ಕಬ್ಬಿಣದ ಸಾಮಾನೆಲ್ಲ ಬಂಕಿನವನ ಕಾಲ ಬುಡದಲ್ಲಿ ಇಳಿದವು. “ಇವು ಇಲ್ಲೇ ಇರಲಿ ಅಣ್ಣ, ಸಂಜೆ ತಗೊಂಡು ಹೋಗ್ತೀವಿ,” ಎಂದಳು. ಆಮೇಲೆ ನನಗೆ: “ಹತ್ತು ಅಪ್ಪ.”

ಹೊರಟೆವು. ಅದನ್ನು ಓಡಿಸುವುದು ಎನ್ನಬೇಕೋ ಏನೋ. ನಲವತ್ತೆಂಟರ ಮೇಲೆ ವೇಗದ ಮುಳ್ಳು ಏರಲಿಲ್ಲ, ಕೆಳಗೂ ಇಳಿಯಲಿಲ್ಲ. ಗಾಳಿ ಕಾರನ್ನು ಹಿಂದಕ್ಕೆ ಎಳೆಯಬಾರದೆಂದು ಕಿಟಕಿ ಮುಚ್ಚಿಸಿದಳು, ಸೆಕೆಗೆ ನನ್ನ ಅಂಗಿ ಬೆನ್ನಿಗಂಟಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಹೊಡೆದು, ಕೊನೆಗೆ ಪಕ್ಕಕ್ಕೆ ಬಂದು ನನ್ನನ್ನು ನೋಡಿ ತಲೆ ಚಚ್ಚಿಕೊಂಡು ಹೋದ. ದೂರದಲ್ಲಿ ದನ ಅಡ್ಡ ಬರುವುದು ಕಂಡರೆ ನಾನಾದರೆ ಹತ್ತಿರ ಹೋಗಿ ಬ್ರೇಕ್ ಒತ್ತುತ್ತೇನೆ. ಇವಳು ಅಲ್ಲಿಂದಲೇ ಕಾಲು ತೆಗೆದು, ದನ ದಾಟುವ ಹೊತ್ತಿಗೆ ಸರಿಯಾಗಿ ಅಲ್ಲಿಗೆ ತಲುಪಿದಳು. ಬ್ರೇಕಿಗೆ ಕೆಲಸವೇ ಇಲ್ಲ.

“ಸ್ವಲ್ಪ ಒತ್ತು, ಲೇಟಾಗುತ್ತೆ,” ಎಂದೆ.

“ಅಪ್ಪ, ಮೂವತ್ತೊಂದು ಅನ್ನೋದು ಕಾರಿನ ಲೆಕ್ಕ ಅಲ್ಲ. ನಿನ್ನ ಕಾಲಿನ ಲೆಕ್ಕ.”

ನನಗೆ ಮೈಯೆಲ್ಲ ಉರಿಯಿತು. “ಏನಂದೆ?”

“ಎರಡು ವರ್ಷದ ಹಿಂದೆ ನಿಂಗೆ ಜ್ವರ ಬಂದಿತ್ತಲ್ಲ, ಆಗ ನಾನೂ ಒಂದ್ಸಲ ಡಬ್ಬಿ ಇಟ್ಕೊಂಡು ಖಾಲಿ ಮಾಡಿ ನೋಡ್ದೆ. ನಂಗೆ ಮೂವತ್ತೈದು ಬಂತು.”

ಮೂವತ್ತೈದು! ಅದೇ ಕಾರು, ಅದೇ ದೀಪ. ಎರಡು ವರ್ಷ ಒಂದೇ ಮನೆಯಲ್ಲಿ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡಿದ್ದೇವೆ, ಬಾಯಿ ಬಿಟ್ಟಿಲ್ಲ ಕಳ್ಳಿ. “ಯಾಕೆ ಹೇಳ್ಲಿಲ್ಲ?” ಎಂದು ಗದರಿದೆ.

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಸ್ಟ್ಯಾಂಡಲ್ಲಿ ಎಲ್ಲರೂ ನಿನ್ನ ಮೂವತ್ತೊಂದಣ್ಣ ಅಂತಾರೆ. ಅದನ್ನ ನಾನು ಯಾಕೆ ಕೆಡಿಸ್ಲಿ?”

ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ, ಕಣ್ಣಿಗೆ ಬೆವರು ಇಳಿಯಿತೆಂಬಂತೆ ಒರೆಸಿಕೊಂಡೆ. ಇಡೀ ಸ್ಟ್ಯಾಂಡಿನಲ್ಲಿ ನನಗಿಂತ ಚೆನ್ನಾಗಿ ಓಡಿಸುವವರು ಒಬ್ಬರಿದ್ದಾರೆ, ಅವರು ಸ್ಟ್ಯಾಂಡಿನಲ್ಲಿಲ್ಲ, ನನ್ನ ಮನೆಯಲ್ಲಿದ್ದಾರೆ ಎಂದು ಆಗ ತಿಳಿಯಿತು. ಸೋತು ಇಷ್ಟು ಖುಷಿಪಟ್ಟದ್ದು ನನ್ನ ಜನ್ಮದಲ್ಲೇ ಇಲ್ಲ.

ಮೀಟರು ಇಪ್ಪತ್ತೊಂಬತ್ತಾಯಿತು, ಮೂವತ್ತಾಯಿತು. ಮೂವತ್ತೊಂದಕ್ಕೆ ಬಂದಾಗ ಉಸಿರು ಬಿಗಿಹಿಡಿದೆ. ಕಾರು ಕೆಮ್ಮಲಿಲ್ಲ. ಅಷ್ಟರಲ್ಲಿ ರೈಲ್ವೆ ಮೇಲ್ಸೇತುವೆಯ ಬುಡದಲ್ಲಿ ಕೆಂಪು ಸಿಗ್ನಲ್ ಬಿತ್ತು. ಎದುರಿಗೆ ಏರು. ಅದು ಸಣ್ಣ ಏರಲ್ಲ; ತುಂಬಿದ ಲಾರಿಗಳು ಅಲ್ಲಿ ಏದುಸಿರು ಬಿಡುತ್ತವೆ.

ಪುಟ್ಟಿ ಏರನ್ನು ನೋಡಿದಳು, ಆಮೇಲೆ ನನ್ನನ್ನು ಹೊಟ್ಟೆಯಿಂದ ಹಿಡಿದು ತಲೆಯವರೆಗೆ ನೋಡಿದಳು.

“ನಂಗೆ ಮೂವತ್ತೈದು ಬಂದಾಗ ಕಾರಲ್ಲಿ ನಾನೊಬ್ಬಳೇ ಇದ್ದೆ. ಅಪ್ಪ, ಇಳಿ.”

“ನನ್ನ ಕಾರಿಂದ ನನ್ನನ್ನೇ ಇಳಿಸ್ತೀಯಾ?”

“ಹೂಂ. ಸಿಗ್ನಲ್ ಬಿಡುತ್ತೆ, ಬೇಗ. ಬಾಗಿಲು ಮೆಲ್ಲಗೆ ಹಾಕು.”

ಎಂಬತ್ತನಾಲ್ಕು ಕಿಲೋ ತೂಕದ ನಾನು ನಡುರಸ್ತೆಯಲ್ಲಿ ಇಳಿದೆ. ಹಸಿರು ಬಿತ್ತು. ಎಂಜಿನ್ ಸದ್ದು ಕೂಡ ಮಾಡದೆ ಕಾರು ಏರಿಗೆ ಮುಖ ಮಾಡಿತು. ಹನ್ನೊಂದು ವರ್ಷದಿಂದ ಅದರೊಳಗೇ ಕೂತಿದ್ದೇನೆ. ಅದು ನನ್ನನ್ನು ಬಿಟ್ಟು ಹೋಗುವುದು ಹಿಂದಿನಿಂದ ಹೇಗೆ ಕಾಣುತ್ತದೆ ಎಂದು ನೋಡಿದ್ದು ಅವತ್ತೇ ಮೊದಲು. ಅರ್ಧ ಏರಿನಲ್ಲಿ ಒಂದು ಸಿಮೆಂಟ್ ಲಾರಿ ಅಡ್ಡವಾಯಿತು. ಆಮೇಲೆ ಕಾರು ಕಾಣಲಿಲ್ಲ.

ನಡೆದೆ. ನಡಿಗೆಯೇನು, ಓಟವೇ. ಸೇತುವೆಯ ಮೇಲೆ ಬದಿಗೆ ನಿಂತ ಪ್ರತಿಯೊಂದು ಗಾಡಿಯೂ ದೂರದಿಂದ ನಮ್ಮದೇ ಅನಿಸಿ ಎದೆ ಧಸಕ್ಕೆನ್ನುತ್ತಿತ್ತು. ಒಂದು ಪಂಕ್ಚರಾದ ವ್ಯಾನು. ಒಂದು ತರಕಾರಿ ಗಾಡಿ. ನೆತ್ತಿಗೆ ಬಂದು, ಪಕ್ಕದ ಕಂಬಿ ಹಿಡಿದು ಆಚೆ ಇಳಿಜಾರಿನ ಕೊನೆಯವರೆಗೂ ನೋಡಿದೆ. ನಮ್ಮ ಕಾರು ಎಲ್ಲೂ ನಿಂತಿರಲಿಲ್ಲ. ದಾರಿಯಲ್ಲಿ ಏನೂ ಕಾಣದಿದ್ದುದಕ್ಕೆ ಅಷ್ಟು ಸಂತೋಷಪಟ್ಟವನು ಆ ಸೇತುವೆಯ ಮೇಲೆ ನಾನೊಬ್ಬನೇ ಇರಬೇಕು.

ಡಿಪೋ ತಲುಪಿದಾಗ ಒಂಬತ್ತೂವರೆ. ಗೇಟು ಮುಚ್ಚಿತ್ತು. ಕಂಬಿಯ ಸಂದಿನಿಂದ ನೋಡಿದರೆ, ಒಳಗೆ ಗೋಡೆಗೆ ಸಮನಾಗಿ ಗೆರೆ ಎಳೆದ ಹಾಗೆ ನಿಂತಿದೆ ನನ್ನ ಕಾರು.

“ಆ ಕಾರಲ್ಲಿ ಬಂದ ಹೆಣ್ಣುಮಗಳು ಎಷ್ಟು ಗಂಟೆಗೆ ಒಳಗೆ ಬಂದ್ಲು?” ಎಂದು ಕಾವಲುಗಾರನನ್ನು ಕೇಳಿದೆ. ಏದುಸಿರಿಗೆ ಮಾತು ತುಂಡಾಗುತ್ತಿತ್ತು.

“ಎಂಟು ಐವತ್ತಮೂರು. ಇಲ್ಲಿ ಗೇಟ್ ಹತ್ರ ಎಂಜಿನ್ ನಿಂತೇಹೋಯ್ತು. ಆಯಮ್ಮ ಗಾಬರೀನೇ ಆಗ್ಲಿಲ್ಲ. ಬಂದ ವೇಗದಲ್ಲೇ ಉರುಳಿಸ್ಕೊಂಡು ಹೋಗಿ ಅಲ್ಲಿ ನಿಲ್ಲಿಸಿದ್ರು. ಅಂಗಳದಲ್ಲಿ ನಿಂತಿದ್ದ ಪರೀಕ್ಷಕರು ಕಣ್ಣು ಬಿಟ್ಕೊಂಡು ನೋಡ್ತಿದ್ರು.” ಅವನು ನನ್ನ ಕೆದರಿದ ತಲೆ, ಒದ್ದೆ ಅಂಗಿ ನೋಡಿದ. “ನೀವು ಯಾರು?”

“ಅವಳ ಅಪ್ಪ,” ಎಂದೆ. ಇಪ್ಪತ್ತಾರು ವರ್ಷದಲ್ಲಿ ಯಾರಾದರೂ ಕೇಳಿದರೆ ‘ಡ್ರೈವರ್’ ಎನ್ನುತ್ತಿದ್ದೆ.

ಅಷ್ಟರಲ್ಲಿ ಶೆಡ್ಡಿನ ಹಿಂದಿನಿಂದ ಬಸ್ಸೊಂದು ಹೊರಬಂತು. ಪುಟ್ಟಿ ಸ್ಟೀರಿಂಗಿನ ಹಿಂದೆ ನೆಟ್ಟಗೆ ಕೂತಿದ್ದಳು, ಪಕ್ಕದಲ್ಲಿ ಕಾಗದ ಹಿಡಿದ ಪರೀಕ್ಷಕರು. ಅಷ್ಟುದ್ದದ ಬಸ್ಸು ಪರೀಕ್ಷೆಗೆಂದು ಸಾಲಾಗಿ ಇಟ್ಟಿದ್ದ ಡ್ರಮ್ಮುಗಳ ನಡುವೆ ಒಂದನ್ನೂ ಮುಟ್ಟದೆ ಹಾದು ಗೇಟಿನ ಎದುರಿಗೆ ತಿರುಗಿತು. ಅವಳು ನನ್ನನ್ನು ನೋಡಿದಳು, ಅದು ನನಗೆ ಗೊತ್ತಾಯಿತು. ಕೈ ಬೀಸಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲೇ ಇದ್ದವು, ಕಣ್ಣು ಮತ್ತೆ ಕನ್ನಡಿಗೆ ಹೋಯಿತು.

ನಾನು ಮಾತ್ರ ಕಂಬಿಯ ಮೇಲಿನಿಂದ ಎರಡೂ ಕೈ ಎತ್ತಿ, ಮಾನ ಮರ್ಯಾದೆ ಬಿಟ್ಟು, ಬಸ್ಸು ಮರೆಯಾಗುವ ತನಕ ಬೀಸುತ್ತಲೇ ಇದ್ದೆ.