ಫ್ಲೂರಿಯ ಹಳದಿ ಗುಲಾಬಿ

ಹಿಂದಿನ ಕಾಲದಲ್ಲಿ ಲಿಯೋನ್ ಎಂಬ ಊರಿನ ಗುಲಾಬಿ ಬೆಳೆಗಾರರು ಮಹಾ ಅನುಮಾನದವರು. ಹೊಸ ತಳಿಯ ಹೂವು ತೋಟ ದಾಟುವ ಮುಂಚೆ ಅದರ ದಂಟಿನ ಚಿಗುರುಗಣ್ಣುಗಳನ್ನೆಲ್ಲ ಚಾಕುವಿನಿಂದ ಕಿತ್ತುಬಿಡುತ್ತಿದ್ದರು. ಒಂದು ಕಣ್ಣು ಸಿಕ್ಕರೂ ಸಾಕು, ಕಳ್ಳ ಕಸಿ ಕಟ್ಟಿ ಗಿಡವನ್ನೇ ಎಬ್ಬಿಸುತ್ತಾನೆ. ಅಂಥ ಬೆಳೆಗಾರನೊಬ್ಬನ ಹೆಂಡತಿ ಬೆನ್ವಾತ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಅಕ್ಟೋಬರಿನಲ್ಲಿ ಗಂಡ ಫ್ಲೂರಿ ಸತ್ತಾಗ, ಹನ್ನೆರಡು ವರ್ಷ ಹೆಣಗಿ ಅವನು ಎಬ್ಬಿಸಿದ್ದ, ಚಹಾ ಡಬ್ಬಿ ತೆರೆದಂತೆ ಘಮ್ಮೆನ್ನುವ ಹಳದಿ ಗುಲಾಬಿಯನ್ನು ಕಣ್ಣು ಕೀಳದೆ ಅವನ ಎದೆಯ ಮೇಲಿಟ್ಟಳು. ಗಂಡನ ಕೊನೆಯ ಹೂವಿಗೆ ಚಾಕು ಹಾಕಲು ಅವಳ ಕರುಳು ಒಪ್ಪಲಿಲ್ಲ. ಶವಪೆಟ್ಟಿಗೆಗೆ ಹೆಗಲು ಕೊಡಲು ಬಂದ ಪಕ್ಕದ ತೋಟದ ಗೊನಾರ್, ಮುಚ್ಚಳ ಬೀಳುವ ಮುಂಚೆ ಆ ಹೂವನ್ನು ದಂಟುಸಮೇತ ಎಗರಿಸಿದ.

ಆ ಚಳಿಗಾಲದ ಹಿಮಕ್ಕೆ ಅವಳ ಬಳಿಯಿದ್ದ ಆ ಗುಲಾಬಿಯ ಒಂದೇ ಒಂದು ಗಿಡ ಬೇರುಸಮೇತ ಸತ್ತಿತು. ಜೂನಿನಲ್ಲಿ ಗೊನಾರನ ಗಾಜಿನ ಮನೆಯಿಂದ ಅದೇ ಘಮ ಬಂತು. ಮರುದಿನದ ಪ್ರದರ್ಶನಕ್ಕೆಂದು ಐದು ಕುಂಡ ಸಜ್ಜಾಗಿದ್ದವು, ಐದರ ಮೇಲೂ ಗೊನಾರನ ಹೆಸರು.

ಬೆನ್ವಾತ್ ಗುದ್ದಲಿ ಹಿಡಿದು ನುಗ್ಗಿದಳು. ಒಂದರ ಹಿಂದೊಂದು ನಾಲ್ಕು ಗಿಡ ಕುಂಡದೊಂದಿಗೆ ಪುಡಿಯಾದವು. ಗಾಜು ಸಿಡಿದು ಗೊನಾರನ ಹುಬ್ಬು ಸೀಳಿತು.

“ಹೆಣದ ಮೇಲಿನ ಹೂ ಕದ್ದ ನಾಯಿ!”

“ಹೊಡಿಯೇ, ಇದನ್ನೂ ಹೊಡಿ! ನಿಂದಂತೂ ಹಿಮಕ್ಕೆ ಸತ್ತೋಯ್ತು. ಇದೂ ಹೋದ್ರೆ ನಿನ್ ಗಂಡನ ಗುಲಾಬಿ ಭೂಮಿ ಮೇಲೇ ಇರಲ್ಲ!”

ಅವಳ ಕೈ ನಿಂತಿತು. ಸೊಂಟದ ಕಸಿಯ ಚಾಕು ತೆಗೆದು ಐದನೆಯ ಗಿಡದಿಂದ ಮೂರು ಕಣ್ಣಿನ ದಂಟು ಕೊಯ್ದು, ಒಣಗದಿರಲೆಂದು ಕಸಿಗಾರರೆಲ್ಲ ಮಾಡುವಂತೆ ಬಾಯೊಳಗಿಟ್ಟುಕೊಂಡಳು. ಆಮೇಲೆ ಗುದ್ದಲಿ ಬೀಸಿ ಗಿಡವನ್ನು ಒಂದು ಕಣ್ಣೂ ಉಳಿಯದಂತೆ ಬುಡಸಮೇತ ಜಜ್ಜಿದಳು.

ಗೊನಾರ್ ಅವಳ ಕುತ್ತಿಗೆಗೇ ಕೈ ಹಾಕಿದ. “ಉಗಿಯೇ! ಉಗಿ ಅಂದೆ!” ದವಡೆಗೆ ಗುದ್ದಿದ, ತಲೆಯನ್ನು ಇಟ್ಟಿಗೆ ಗೋಡೆಗೆ ಚಚ್ಚಿದ. ಅವಳು ಹಲ್ಲು ಬಿಗಿಹಿಡಿದಳೇ ಹೊರತು ಬಾಯಿ ಬಿಡಲಿಲ್ಲ. ಅವಳ ಕೈಯ ಚಾಕು ಅವನ ಅಂಗೈ ತೂರಿ ಆಚೆ ಬಂದಾಗಲೇ ಹಿಡಿತ ಸಡಿಲಾದದ್ದು.

ಮನೆಗೆ ಬಂದು ರಕ್ತ, ಮುರಿದ ಹಲ್ಲು, ದಂಟು ಎಲ್ಲವನ್ನೂ ಅಂಗೈಗೆ ಉಗಿದಳು. ಅವಳ ಹಲ್ಲುಗಳೇ ಎರಡು ಕಣ್ಣನ್ನು ಅರೆದಿದ್ದವು. ಮೂರನೆಯದು ಸೀಳಿತ್ತು. ಆದರೂ ಅದನ್ನು ಕಾಡುಗುಲಾಬಿಯ ಬುಡಕ್ಕೆ ಉಣ್ಣೆದಾರದಿಂದ ಕಟ್ಟಿದಳು. ಇಪ್ಪತ್ತನೆಯ ದಿನ ಮುಟ್ಟಿದರೆ ಕರ್ರಗೆ ಉದುರಿತು.

ಬೇಲಿಯಾಚೆ ಗೊನಾರ್ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ.

“ಹಿಡೀತಾ, ಬೆನ್ವಾತ್?”

“ಇಲ್ಲ.”

“ಅಯ್ಯೋ ಪಾಪಿ... ನಾನು ಅದಕ್ಕೆ ಫ್ಲೂರಿ ಹೆಸ್ರೇ ಇಡ್ತಿದ್ನಲ್ಲೇ.”

ಅದು ಹಸಿ ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಆದರೂ ಈ ಕಳ್ಳನ ಹೆಸರಲ್ಲಾದರೂ ಅದು ಬದುಕಿರಬೇಕಿತ್ತು ಅನ್ನಿಸಿ, ಬೆನ್ವಾತ್ ಮಣ್ಣಿನಲ್ಲಿ ಕುಸಿದು ಕುಳಿತು ಅವನೆದುರಿಗೇ ಅತ್ತಳು.