ನೀರು ತುಂಬಿದ ಮೋಟಾರು

ಕಾತ್ರಜ ಘಾಟಿನ ಎರಡನೆಯ ತಿರುವು ಬರುವಷ್ಟರಲ್ಲಿ ಮಹಾಲಿಂಗನ ಮೋಟಾರು ಕೊತಕೊತ ಕುದಿಯುತ್ತಿತ್ತು. ಮೂತಿಯ ರೇಡಿಯೇಟರಿನ ಮುಚ್ಚಳದ ಸಂದಿಯಿಂದ ಹಬೆ ಏಳುತ್ತಿತ್ತು, ಎಂಜಿನ್ನು ಟಕಟಕ ಬಡಿದುಕೊಳ್ಳುತ್ತಿತ್ತು, ಸಾತಾರಕ್ಕೆ ಹೊರಟ ಗಿರಾಕಿಗಳು ಕೆಳಗಿಳಿದು ಧೋತರ ಎತ್ತಿ ಕಟ್ಟಿ ಗಾಡಿ ನೂಕುತ್ತಿದ್ದರು. ಬಾಡಿಗೆಯನ್ನೂ ಕೊಟ್ಟು ಗಾಡಿಯನ್ನೂ ನೂಕುವ ಭಾಗ್ಯ ಯಾರಿಗೆ ಬೇಕು? ಒಬ್ಬೊಬ್ಬರಾಗಿ ಬೇರೆ ಗಾಡಿ ಹಿಡಿದರು. ೧೯೩೭ರ ದಸರೆ ಮುಗಿಯುವ ಹೊತ್ತಿಗೆ ಸಾತಾರದ ಸರ್ವಿಸು ನಿಂತೇಹೋಯಿತು. ಮಹಾಲಿಂಗ ಪುಣೆ ಸ್ಟೇಶನ್ನಿನಿಂದ ಪೇಟೆಗೆ ಜನರ ಟ್ರಂಕು, ಹಾಸಿಗೆ ಸಾಗಿಸುತ್ತ ದಿನ ನೂಕುತ್ತಿದ್ದ.

ಅವನಿಗೆ ಹೆದರಿಕೆ ಇದ್ದದ್ದು ಹಸಿವಿನದ್ದಲ್ಲ. ಊಟಕ್ಕೆ ಕೊರತೆಯಾಗದಂತೆ ನೋಡಿಕೊಳ್ಳಲು ಸೋದರಮಾವ ಸಿದ್ರಾಮಪ್ಪ ಇದ್ದ. ಧಾರವಾಡ ಕಡೆಯಿಂದ ಬಂದು ರವಿವಾರ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟು ಬೆಳೆದವನು. ಮಹಾಲಿಂಗನ ಹೆಂಡತಿ ಇಂದೂಳ ತಂದೆಯೂ ಅವನೇ. ಮಹಾಲಿಂಗನಿಗೆ ಹೆದರಿಕೆ ಇದ್ದದ್ದು ಆ ಅಂಗಡಿಯದ್ದು. ಮದುವೆಗೆ ಮೊದಲು ಎರಡು ವರ್ಷ ಅಲ್ಲಿ ಕಾಲು ಮಡಚಿ ಕೂತು, ಬಟ್ಟೆಯ ಥಾನು ಬಿಚ್ಚಿ ಸುತ್ತಿ, ಸುತ್ತಿ ಬಿಚ್ಚಿ ಅವನ ಜೀವ ಬಾಡಿಹೋಗಿತ್ತು. ಈ ಹಳೆಯ ಅಮೆರಿಕದ ಗಾಡಿ ಕೊಂಡು ಸ್ಟೇರಿಂಗ್ ಹಿಡಿದ ದಿನ ಸೆರೆಮನೆಯಿಂದ ಹೊರಬಿದ್ದಂತೆ ಆಗಿತ್ತು. ಈಗ ಮಾವ ಹೇಳಿ ಕಳಿಸಿದ್ದ: ವ್ಯಾಪಾರಿಗಳು ಹೊಸ ವರ್ಷ ಹಿಡಿಯುವ ಬಲಿಪಾಡ್ಯದ ಮುಂಜಾನೆ ಅಂಗಡಿಗೆ ಬಾ, ಗಾಡಿಯನ್ನು ಗುಜರಿಗೆ ಹಾಕು. ಅಷ್ಟರೊಳಗೆ ಗಾಡಿ ನೆಟ್ಟಗಾದರೆ ಸರಿ, ಇಲ್ಲದಿದ್ದರೆ ಮತ್ತೆ ಥಾನು.

ಪುಣೆಯ ದಂಡುಪ್ರದೇಶವಾದ ಕ್ಯಾಂಪಿನಲ್ಲಿ ಗ್ಯಾರೇಜು ಇಟ್ಟಿದ್ದ ಮಾರ್ತಾಂಡ ಬೆಳಗಾವಿ ಕಡೆಯವನು. ಸುಳ್ಳು ಹೇಳುವವನಲ್ಲ, ಅದೇ ತೊಂದರೆ. ಅವನು ಆಗಲೇ ಎರಡು ದಾರಿ ತೋರಿಸಿದ್ದ. ಎಂಜಿನ್ನನ್ನು ಪೂರಾ ಬಿಚ್ಚಿ, ಸಿಲಿಂಡರು ಕೊರೆಸಿ, ಹೊಸ ಪಿಸ್ಟನ್ನು ಕೂಡಿಸಿ, ಬೇರಿಂಗು ಎರಕ ಹೊಯ್ಯಿಸಿದರೆ ಆರುನೂರು ರೂಪಾಯಿ. ಗಾಡಿಯನ್ನೇ ಮಾರಿದರೂ ಅಷ್ಟು ಹುಟ್ಟುತ್ತಿರಲಿಲ್ಲ. ಪೂರಾ ಬಿಚ್ಚದೆ, ಕೆಟ್ಟದ್ದನ್ನಷ್ಟೇ ತೆಗೆದು ಬೇರೆ ಸಾಮಾನು ಹಾಕುತ್ತ ಹೋದರೆ ಈಗ ಇನ್ನೂರಕ್ಕೆ ಮುಗಿಯುತ್ತದೆ. ಆದರೆ ಇಂದು ಒಂದು ಹಾಕಿದರೆ ನಾಳೆ ಅದರ ಪಕ್ಕದ್ದು ಕೈಕೊಡುತ್ತದೆ. ಮಹಾಲಿಂಗನ ಹತ್ತಿರ ಆರುನೂರೂ ಇರಲಿಲ್ಲ, ಇನ್ನೂರೂ ಇರಲಿಲ್ಲ. ಆದರೂ ರಾತ್ರಿ ಹಗಲು ಇದು ಮೇಲೋ ಅದು ಮೇಲೋ ಎಂದು ತೂಗಿ ನೋಡುತ್ತಿದ್ದ. ಕಿಸೆ ಖಾಲಿ ಇದ್ದವರಿಗೇ ಇಂಥ ಲೆಕ್ಕಾಚಾರ ಹೆಚ್ಚು.

ನರಕ ಚತುರ್ದಶಿಯ ಹಿಂದಿನ ದಿನ, ನೀರು ತುಂಬುವ ಹಬ್ಬದ ಮಧ್ಯಾಹ್ನ, ಇದಕ್ಕಿಂತ ಅಗ್ಗದ ದಾರಿ ಯಾವುದಾದರೂ ಇದೆಯೇ ಎಂದು ಕೊನೆಯ ಸಲ ಕೇಳೋಣವೆಂದು ಅವನು ಕ್ಯಾಂಪಿಗೆ ಹೊರಟ. ಪೇಟೆಯಲ್ಲಿ ಹಬ್ಬದ ಗದ್ದಲವೋ ಗದ್ದಲ. ಟಾಂಗಾಗಳ ನಡುವೆ ನುಸುಳಿ, ನಿಂತು, ಮತ್ತೆ ನುಸುಳಿ ಹೋಗುವಷ್ಟರಲ್ಲಿ ಎಂಜಿನ್ನು ಚೆನ್ನಾಗಿ ಕಾದಿತ್ತು. ದಾರಿಯುದ್ದಕ್ಕೂ ಸಾರಿನ ವಾಸನೆ. ಯಾರ ಮನೆಯಲ್ಲೋ ಹುಳಿ ಜಾಸ್ತಿ ಹಾಕಿದ್ದಾರೆ ಎಂದುಕೊಂಡ. ಕ್ಯಾಂಪು ಮುಟ್ಟಿದರೂ ಅದೇ ವಾಸನೆ. ಇಲ್ಲಿಯ ಇರಾಣಿ ಹೋಟೆಲುಗಳಲ್ಲಿ ಹುಣಸೆಹಣ್ಣಿನ ಸಾರು ಯಾವಾಗಿನಿಂದ ಶುರುವಾಯಿತೋ ಎಂದು ಅವನಿಗೆ ಸೋಜಿಗವಾಯಿತು.

ಮಾರ್ತಾಂಡ ಗಾಡಿಯ ಹತ್ತಿರ ಬಂದವನು ಮೂಗು ಅರಳಿಸಿದ. ಚಿಂದಿ ಹಿಡಿದು ಮೂತಿಯ ಮುಚ್ಚಳ ತಿರುಗಿಸಿದ. ಒಳಗೆ ಕಂದು ನೀರು ನೊರೆ ಕಟ್ಟಿಕೊಂಡು ಕುದಿಯುತ್ತಿತ್ತು.

“ಮಾಲಿಂಗಪ್ಪಾರ, ಎಂಜಿನ್ನಿನ್ಯಾಗ ಸಾರು ಕುದಿಸೀರೇನ್ರಿ? ಒಗ್ಗರಣಿ ಅಷ್ಟ ಬಾಕಿ ಅದ ನೋಡ್ರಿ!”

ಮಹಾಲಿಂಗನಿಗೆ ಕೇಳುವುದೇ ಬೇಕಾಗಲಿಲ್ಲ. ಇದು ದಿನಾಲೂ ಗಾಡಿಗೆ ನೀರು ಹಾಕುವ ಅವ್ವನ ಕೆಲಸ. ಬಂದ ಕೆಲಸವನ್ನೂ ಮರೆತು ಗಾಡಿ ತಿರುಗಿಸಿದ. ಮೊದಲೇ ಸಾಯುತ್ತ ಬಿದ್ದ ಎಂಜಿನ್ನಿಗೆ ಮನೆಯವರೇ ಹುಳಿ ಕುಡಿಸಿದರೆ ಯಾರ ಮುಂದೆ ಹೇಳಿಕೊಳ್ಳುವುದು? ಸಿಟ್ಟು ನೆತ್ತಿಗೇರಿತ್ತು, ಅಳುವೂ ಬಂದಿತ್ತು.

ಮನೆಯಿದ್ದ ವಾಡೆಯ ಅಂಗಳದಲ್ಲಿ ಅವನ ತಾಯಿ ಭೀಮವ್ವ ಸೆರಗು ಬಿಗಿದು ಕೂತಿದ್ದಳು. ಹಂಡೆ, ಕೊಡ, ತಂಬಿಗೆ ಎಲ್ಲವೂ ಹುಣಸೆಹುಳಿ ಹಚ್ಚಿಸಿಕೊಂಡು ಥಳಥಳಿಸುತ್ತಿದ್ದವು. ಮನೆಯಲ್ಲಿ ನೀರು ಹಿಡಿಯುವ ಪಾತ್ರೆ ಎಷ್ಟಿವೆಯೋ ಅಷ್ಟನ್ನೂ ಆ ದಿನ ತಿಕ್ಕಿ ತೊಳೆದು, ಸುಣ್ಣದ ಗೆರೆ ಎಳೆದು, ಸಂಜೆಗೆ ಹೊಸ ನೀರು ತುಂಬಿಡಬೇಕು. ಮರುದಿನ ಬೆಳಗಿನ ಜಾವ ಆ ನೀರಿನಲ್ಲೇ ಎಣ್ಣೆಸ್ನಾನ. ಒಂದೇ ಒಂದು ಚರಿಗೆ ಬಿಟ್ಟುಹೋದರೂ ಭೀಮವ್ವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

“ಅವ್ವಾ, ಗಾಡ್ಯಾಗ ಏನ್ ಹಾಕಿದಿ?”

“ಹುಣಸಿಹುಳಿ ನೀರು. ಮುಂಜಾನಿಂದ ನೆನೀಲಿ ಅಂತ ಹಾಕೇನಿ. ನೀ ಹೇಳದ ಕೇಳದ ತೊಗೊಂಡು ಹ್ವಾದಿ.”

“ಅದು ಹಂಡೆ ಅಲ್ಲವ್ವಾ, ಮೋಟಾರ ಅದು!”

“ನನಗ ಗೊತ್ತಿಲ್ಲೇನು? ಕಪ್ಪು ಬಣ್ಣ ಕೆರದು ನೋಡೇನಿ, ಒಳಗ ಹಿತ್ತಾಳಿ ಅದ. ದಿನಾ ಮುಂಜಾನೆ ಅದಕ್ಕ ತಂಬಿಗಿಲೆ ನೀರು ಹಾಕಾಕಿ ನಾನು. ನೀರು ತುಂಬೂದು, ಹಿತ್ತಾಳೀದು, ನಮ್ಮನೀದು. ಅದನ್ನ ಒಂದ ಬಿಟ್ಟು ಹಬ್ಬಾ ಹೆಂಗ ಮಾಡ್ಲಿ?”

“ಗಸಿ ಒಳಗ ಸಿಕ್ಕೊಂಡ್ರ?”

“ಅರಿವ್ಯಾಗ ಸೋಸಿ ಹಾಕೇನಿ. ನಾ ಏನ್ ಹುಚ್ಚೀನ?”

ಇಂದೂ ಬಾಗಿಲ ಹಿಂದೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಗಂಡ ಹೊರಳಿ ನೋಡಿದ್ದೇ ತಡ, ಒಳಗೆ ಓಡಿಹೋದಳು. ಮಹಾಲಿಂಗ ಹಲ್ಲು ಕಚ್ಚಿ ಬಗ್ಗಿ ಗಾಡಿಯ ಅಡಿಯ ನಲ್ಲಿ ತಿರುವಿದ.

ಮೊದಲು ಕೆಂಪು ರಾಡಿ ಬಂತು. ಆಮೇಲೆ ತುಕ್ಕು. ಆಮೇಲೆ ಬಿಳಿಯ ಹಕ್ಕಳೆಗಳು, ಹಳೆಯ ಹಂಡೆಯ ತಳದಲ್ಲಿ ಕಟ್ಟುವಂಥ ಸುಣ್ಣದ ಚಕ್ಕೆಗಳು, ಒಂದರ ಹಿಂದೆ ಒಂದು ಬಂದು ಭೀಮವ್ವನ ರಂಗೋಲಿಯ ಮೇಲೆಲ್ಲ ಹರಡಿದವು. ವಾಡೆಯ ಬಾವಿಯ ನೀರು ಸುಣ್ಣದ ನೀರು. ಅದನ್ನೇ ಕುಡಿದೂ ಕುಡಿದೂ ಗಾಡಿಯ ಒಳಗೆಲ್ಲ ಗೋಡೆ ಕಟ್ಟಿತ್ತು. ಮಹಾಲಿಂಗ ಬಿಸಿನೀರು ಹೊಯ್ದ. ಇನ್ನಷ್ಟು ಬಂತು. ಮತ್ತೆ ಹೊಯ್ದ. ನೂಲಿನಂತೆ ಸೋರುತ್ತಿದ್ದ ನಲ್ಲಿ ಕಡೆಗೆ ಭರ್ರನೆ ಸುರಿಯತೊಡಗಿದಾಗ ಅವನ ಕೈ ತಡೆಯಿತು. ಆಸೆ ಪಡಲಿಕ್ಕೂ ಅಂಜಿಕೆ.

ಸಂಜೆ ಭೀಮವ್ವ ಗಾಡಿಗೆ ತಾನೇ ಹೊಸ ನೀರು ತುಂಬಿ, ಹಂಡೆಗಳಿಗೆ ಎಳೆದಂತೆ ಅದರ ಮೂತಿಗೂ ಸುಣ್ಣದ ಗೆರೆ ಎಳೆದಳು.

ಮರುದಿನ ಎಣ್ಣೆಸ್ನಾನ, ಫಳಾರ ಮುಗಿಸಿ, ಘಾಟು ಏರುತ್ತದೋ ನೋಡೋಣವೆಂದು ಮಹಾಲಿಂಗ ಗಾಡಿ ತೆಗೆದ. ನಾನು ಘಾಟು ನೋಡಿಯೇ ಇಲ್ಲ ಎಂದು ಭೀಮವ್ವ ಹಿಂದಿನ ಸೀಟಿನಲ್ಲಿ ಕಾಲು ಮೇಲಿಟ್ಟು ಕೂತಳು. ಧನಕವಡಿಯ ಹೊಲಗಳು ಹಿಂದೆ ಸರಿದು ಏರು ಶುರುವಾಯಿತು. ಮೊದಲನೆಯ ತಿರುವು. ಎರಡನೆಯ ತಿರುವು. ಇಲ್ಲೇ, ಈ ಆಲದ ಮರದ ಹತ್ತಿರವೇ ಅದು ಬಡಿದುಕೊಳ್ಳಲು ತೊಡಗುತ್ತಿತ್ತು. ಮರ ಹೋಯಿತು, ಮುಂದಿನ ತಿರುವೂ ಹೋಯಿತು. ಎಂಜಿನ್ನು ಗುಂಯ್ ಎನ್ನುತ್ತ ಏರುತ್ತಲೇ ಇತ್ತು. ಸುರಂಗದ ಬಾಯಿ ಕಂಡೊಡನೆ ಅವನು ಗಾಡಿ ಬದಿಗೆ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆ ಇಟ್ಟ.

“ಯಾಕ ನಿಂತಿ? ಕೆಟ್ಟತೇನು?”

“ಇಲ್ಲವ್ವಾ. ಕೆಡಲಿಲ್ಲ. ಅದಕ್ಕ ನಿಂತೆ.”

ಎಷ್ಟೋ ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ನಾಚಿಕೆಯೂ ಆಗಲಿಲ್ಲ. ಕೆಳಗೆ ಪುಣೆ ಬಿಸಿಲಲ್ಲಿ ಹರಡಿ ಬಿದ್ದಿತ್ತು. ಭೀಮವ್ವ ನೋಡಿ, ನಮ್ಮ ವಾಡೆ ಇಲ್ಲಿಂದ ಕಾಣುವುದಿಲ್ಲವಲ್ಲ ಎಂದು ಬೇಜಾರು ಮಾಡಿಕೊಂಡಳು.

ಅಮಾವಾಸ್ಯೆಯ ದಿನ ಮಾರ್ತಾಂಡ ಎಂಜಿನ್ನಿಗೆ ಕಿವಿ ಹಚ್ಚಿ ಕೇಳಿದ, ಓಡಿಸಿ ನೋಡಿದ, ಬಿದ್ದು ಬಿದ್ದು ನಕ್ಕ. “ಸುಣ್ಣ ಕಟ್ಟಿರಬೇಕು ಅಂತ ನನಗೂ ತಲ್ಯಾಗ ಬಂದಿತ್ರಿ. ಆಸಿಡ್ ಹಾಕಿದ್ರ ಹಳೇ ಬೆಸುಗಿ ತಿಂದುಬಿಡ್ತದಂತ ಅಂಜಿ ಬಿಟ್ಟೆ. ಹುಣಸಿಹುಳಿ ನೆನಪಾಗ್ಲೇ ಇಲ್ಲ ನೋಡ್ರಿ!” ಎಂಜಿನ್ನು ಸವೆದದ್ದೇನೋ ಸುಳ್ಳಲ್ಲ, ಎಂದಾದರೂ ಬಿಚ್ಚಲೇಬೇಕು, ಆದರೆ ಈಗ ಒಂದು ಗ್ಯಾಸ್ಕೆಟ್ಟು, ಎರಡು ರಬ್ಬರಿನ ಕೊಳವೆ ಬದಲಿಸಿದರೆ ಸಾಕು, ಸಾತಾರಕ್ಕೆ ಧಾರಾಳವಾಗಿ ಓಡುತ್ತದೆ ಎಂದ. ಅಷ್ಟು ಹಣ ಮಹಾಲಿಂಗನ ಕಿಸೆಯಲ್ಲೇ ಇತ್ತು.

ಉಳಿದದ್ದು ಮಾವನ ಮಾತು. ಹೆಣ್ಣು ಕೊಟ್ಟ ಮಾವ, ಕರೆದು ಕೆಲಸ ಕೊಡುತ್ತೇನೆಂದ ಮಾವ. ಅವನಿಗೆ ಒಲ್ಲೆ ಎನ್ನುವುದು ಘಾಟು ಏರಿದಷ್ಟು ಸುಲಭವಲ್ಲ. ಪಾಡ್ಯದ ಮುಂಜಾನೆ ಮಹಾಲಿಂಗ ರವಿವಾರ ಪೇಟೆಯ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಸಿದ್ರಾಮಪ್ಪ ಹೊಸ ರುಮಾಲು ಸುತ್ತಿ, ಹಣೆತುಂಬ ವಿಭೂತಿ ಧರಿಸಿ ಕೂತಿದ್ದ. ಪಕ್ಕದಲ್ಲಿ ಅಳಿಯನಿಗೆಂದು ಒಗೆದ ಜಮಖಾನೆಯೂ ಹಾಸಿತ್ತು.

“ಮಾಮಾ, ಸಿಟ್ಟಾಗಬ್ಯಾಡ್ರಿ. ಗಾಡಿ ಘಾಟ ಏರತು. ನಾ ಅಂಗಡಿಗೆ ಬರೂದಿಲ್ರಿ.”

ಸಿದ್ರಾಮಪ್ಪ ಅಳಿಯನನ್ನು ನೋಡಿದ, ಹೊರಗೆ ನಿಂತ ಗಾಡಿಯನ್ನು ನೋಡಿದ. ಆಮೇಲೆ ಎರಡೂ ಕೈ ಎತ್ತಿ ಮುಗಿದ.

“ಎಪ್ಪಾ ಬಸವಣ್ಣಾ, ಉಳಿಸಿದಿ!”

“ಯಾರನ್ನ್ರಿ?”

“ನನ್ನ ಅಂಗಡೀನ! ನಿಮ್ಮವ್ವ, ನನ್ನ ತಂಗಿ, ಬಂದು ಕಣ್ಣಾಗ ನೀರು ತಂದ್ಲು, ಇಲ್ಲ ಅನ್ನಾಕ ಬಾಯಿ ಬರ್ಲಿಲ್ಲ. ಹಿಂದ ನೀ ಕೂತ ಎರಡು ವರ್ಷದಾಗ ಗಜಕ್ಕ ಒಂದು ಗೇಣು ಹೆಚ್ಚಿಗಿ ಹರದು ಕೊಟ್ಟಿ. ಗಿರಾಕಿ ಎಲ್ಲಾ ನಿನ್ನ ಹೊಗಳವರು, ಮುಳುಗಾಂವ ನಾನು. ನಿನ್ನ ಗಾಡಿ ನಡೀಲಿ ಅಂತ ಹೋದ ಸೋಮವಾರದಿಂದ ಒಪ್ಪತ್ತು ಉಣ್ಣಾಕತ್ತೇನಪಾ. ಹಬ್ಬದಾಗೂ ರಾತ್ರಿ ಉಪಾಸ!”

ಮಹಾಲಿಂಗನಿಗೆ ಒಂದು ಕ್ಷಣ ಚುರ್ರೆಂದಿತು. ಅಷ್ಟು ದಂಡಪಿಂಡನೇ ತಾನು ಎನಿಸಿತು. ಆದರೆ ಮಾವನ ಮುಖದ ಮೇಲಿನ ಬಿಡುಗಡೆ ತನ್ನ ಮುಖದ ಮೇಲಿನದ್ದಕ್ಕಿಂತ ದೊಡ್ಡದಿತ್ತು. ಅದನ್ನು ನೋಡಿ ಅವನಿಗೆ ನಗು ಬಂತು. ಮಾವನೂ ನಕ್ಕ, ರುಮಾಲು ಕಳಚಿ ಬೀಳುವಷ್ಟು ನಕ್ಕ.

“ಇಂದೂ ಹೋಳಿಗಿ ಮಾಡ್ಯಾಳೇನು?” ಎಂದ ಸಿದ್ರಾಮಪ್ಪ, ಕಣ್ಣೊರೆಸಿಕೊಳ್ಳುತ್ತ.

“ಮಾಡ್ಯಾಳ್ರಿ.”

“ಹಂಗಾರ ನಡಿ. ಇವತ್ತು ಎರಡೂ ಹೊತ್ತು ನಿಮ್ಮನ್ಯಾಗ ಉಣ್ಣಾಂವ.” ಅವನು ತಾನೇ ಗಾಡಿಯ ಬಾಗಿಲು ತೆಗೆದು, ಅಳಿಯನ ಪಕ್ಕದಲ್ಲಿ ಏರಿ ಕೂತ.